ಮೀನಿಗೂ ಲೆನ್ಸಿಗೂ ನಡುವಿನ ನೀರು

ಹೊಸಬಳು: ಹವಳದ ದಿಬ್ಬದ ಮೀನುಗಳು ಎದುರಿಗೆ ಕಂಡಾಗ ಹಳದಿ, ಕಿತ್ತಳೆ, ನೇರಳೆ. ಚಿತ್ರದಲ್ಲಿ ಮಾತ್ರ ಎಲ್ಲವೂ ನೀಲಿ-ಹಸಿರು. ಇದು ಕ್ಯಾಮೆರಾದ ದೋಷವೇ ಸರ್?

ಹಿರಿಯರು: ದೋಷವಲ್ಲ, ಕ್ಯಾಮೆರಾ ಇದ್ದದ್ದನ್ನೇ ಹೇಳುತ್ತಿದೆ. ಬಿಸಿಲು ನೀರಿಗೆ ಇಳಿದ ಕೂಡಲೇ ಅದರ ಕೆಂಪು ಭಾಗವನ್ನು ನೀರು ಹೀರತೊಡಗುತ್ತದೆ. 5 ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಕೆಂಪು ಬಹುಪಾಲು ಹೋಗಿರುತ್ತದೆ. 10 ಮೀಟರ್ ದಾಟಿದರೆ ಕಿತ್ತಳೆ ಮಸುಕಾಗುತ್ತದೆ, 20ರ ಆಚೆ ಹಳದಿಗೂ ಕಳೆಯಿಲ್ಲ. ಕೊನೆಯವರೆಗೆ ಉಳಿಯುವುದು ನೀಲಿ. ಮನುಷ್ಯನ ಮಿದುಳು ಈ ನಷ್ಟವನ್ನು ಅಷ್ಟಿಷ್ಟು ತುಂಬಿಕೊಂಡು ನೋಡುತ್ತದೆ. ಕ್ಯಾಮೆರಾದ ಸೆನ್ಸರಿಗೆ ಆ ಅಭ್ಯಾಸವಿಲ್ಲ.

ಹೊಸಬಳು: ಹಾಗಾದರೆ ಕಡಿಮೆ ಆಳದಲ್ಲೇ ತೆಗೆದರೆ ಸಮಸ್ಯೆ ಮುಗಿಯಿತಲ್ಲ?

ಹಿರಿಯರು: ಅರ್ಧ ಮುಗಿಯುತ್ತದೆ. ಬೆಳಕು ಮೇಲಿನಿಂದ ಇಳಿದು ಬಂದ ದೂರ ಒಂದು, ಮೀನಿನ ಮೈಯಿಂದ ಹೊರಟು ಲೆನ್ಸಿಗೆ ಬರುವ ದೂರ ಇನ್ನೊಂದು. ನೀರಿಗೆ ಅಡ್ಡ, ಉದ್ದ ಎಂಬ ಭೇದವಿಲ್ಲ. ಎರಡೂ ಕಡೆ ಬಣ್ಣ ಕಳೆಯುತ್ತದೆ. 3 ಮೀಟರ್ ಆಳದಲ್ಲಿರುವ ಮೀನನ್ನು 4 ಮೀಟರ್ ದೂರದಿಂದ ತೆಗೆದರೆ ಒಟ್ಟು ದಾರಿ 7 ಮೀಟರ್. ಬಣ್ಣ ಹೋಗುವುದರ ಜೊತೆಗೆ ಚಿತ್ರದ ಗೆರೆಗಳೂ ಮಂಕಾಗುತ್ತವೆ, ಏಕೆಂದರೆ ನಡುವಿನ ನೀರಿನಲ್ಲಿರುವ ಕಣಗಳು ಬೆಳಕನ್ನು ಚದುರಿಸುತ್ತವೆ. ನೀರೊಳಗಿನ ಛಾಯಾಗ್ರಹಣದಲ್ಲಿ ಕಲಿಯಬೇಕಾದದ್ದು ಬಹಳ ಇದೆ, ಆದರೆ ಅದರಲ್ಲಿ ಮುಕ್ಕಾಲು ಪಾಲು ಮೀನಿಗೂ ಲೆನ್ಸಿಗೂ ನಡುವಿನ ನೀರನ್ನು ಕಡಿಮೆ ಮಾಡುವ ಉಪಾಯಗಳೇ. ಒಳ್ಳೆಯ ಚಿತ್ರಗಳು ಹೆಚ್ಚಾಗಿ 1 ಮೀಟರ್ ಒಳಗಿನವು. ಸಣ್ಣ ಜೀವಿಗಳಾದರೆ ಒಂದು ಗೇಣು.

ಹೊಸಬಳು: ಮೀನು ಹತ್ತಿರವೇ ಇದೆ ಅನಿಸುತ್ತದೆ, ಕೈ ಚಾಚಿದರೆ ಸಿಗುವುದಿಲ್ಲ.

ಹಿರಿಯರು: ಅದು ವಕ್ರೀಭವನದ ಕೆಲಸ. ನೀರಿನ ವಕ್ರೀಭವನ ಸೂಚ್ಯಂಕ ಸುಮಾರು 1.33. ಮಾಸ್ಕಿನ ಚಪ್ಪಟೆ ಗಾಜಿನ ಮೂಲಕ ನೋಡಿದಾಗ 4 ಮೀಟರ್ ದೂರದ ಮೀನು 3 ಮೀಟರ್‌ನಲ್ಲಿ ಇದ್ದಂತೆ ಕಾಣುತ್ತದೆ, ಗಾತ್ರ ಮೂರನೇ ಒಂದರಷ್ಟು ಹೆಚ್ಚಿದಂತೆ ತೋರುತ್ತದೆ. ಹೊಸಬರು ದೂರದಿಂದಲೇ ಚಿತ್ರ ತೆಗೆಯುವುದಕ್ಕೆ ಮುಖ್ಯ ಕಾರಣವೇ ಇದು. ಕಣ್ಣಿಗೆ ಸಾಕಷ್ಟು ಹತ್ತಿರ ಬಂದೆವು ಎನಿಸಿದ ಮೇಲೂ ಇನ್ನೊಂದಿಷ್ಟು ಮುಂದೆ ಹೋಗಬೇಕಾಗುತ್ತದೆ.

ಹೊಸಬಳು: ಹೋದ ಬಣ್ಣವನ್ನು ಮರಳಿ ತರುವುದು ಹೇಗೆ?

ಹಿರಿಯರು: ಬೆಳಕನ್ನು ಜೊತೆಗೇ ಒಯ್ಯಬೇಕು. ಇದು ಮೊದಲಿಗರಿಗೇ ಹೊಳೆದ ದಾರಿ. ಫ್ರಾನ್ಸಿನ ಜೀವವಿಜ್ಞಾನಿ ಲೂಯಿ ಬೂತಾನ್ 1893ರಲ್ಲಿ ಬನ್ಯೂಲ್ಸ್ ಎಂಬ ಕಡಲತೀರದ ಊರಿನಲ್ಲಿ ನೀರಿನೊಳಗೆ ಚಿತ್ರ ತೆಗೆಯಲು ತೊಡಗಿದ. ಸಹಜ ಬೆಳಕಿನಲ್ಲಿ ಒಂದು ಚಿತ್ರಕ್ಕೆ ಅರ್ಧ ಗಂಟೆಯವರೆಗೂ ಕ್ಯಾಮೆರಾ ತೆರೆದಿಡಬೇಕಾಗುತ್ತಿತ್ತು. ಈಜುವ ಮೀನು ಅದರಲ್ಲಿ ಮೂಡುವುದೆಂತು? ಹಾಗಾಗಿ ಅವನು ಮೆಗ್ನೀಷಿಯಮ್ ಉರಿಸುವ ದೀಪಗಳನ್ನು ಮಾಡಿಸಿಕೊಂಡ. 1926ರಲ್ಲಿ ಅಮೆರಿಕದ ಫ್ಲಾರಿಡಾ ಬಳಿಯ ಡ್ರೈ ಟೋರ್ಟುಗಸ್ ದ್ವೀಪಗಳಲ್ಲಿ ವಿಲಿಯಂ ಲಾಂಗ್ಲಿ ಎಂಬ ಮತ್ಸ್ಯವಿಜ್ಞಾನಿ ಮತ್ತು ಚಾರ್ಲ್ಸ್ ಮಾರ್ಟಿನ್ ಎಂಬ ಛಾಯಾಗ್ರಾಹಕ ಸೇರಿ ಹವಳದ ದಿಬ್ಬದ ಮೀನೊಂದರ ಬಣ್ಣದ ಚಿತ್ರ ತೆಗೆದರು. ತೆಪ್ಪದ ಮೇಲೆ ಮೆಗ್ನೀಷಿಯಮ್ ಪುಡಿ ಇಟ್ಟು, ಕ್ಯಾಮೆರಾದ ಷಟರ್ ತೆರೆಯುವ ಹೊತ್ತಿಗೆ ಅದನ್ನು ಸಿಡಿಸಿದರು. ಆ ಚಿತ್ರಗಳು 1927ರ ಜನವರಿಯ ನ್ಯಾಷನಲ್ ಜಿಯೋಗ್ರಾಫಿಕ್ ಪತ್ರಿಕೆಯಲ್ಲಿ ಅಚ್ಚಾದವು. ಇಂದು ಆ ತೆಪ್ಪದ ಜಾಗದಲ್ಲಿ ಅಂಗೈ ಅಗಲದ ಎಲೆಕ್ಟ್ರಾನಿಕ್ ಫ್ಲ್ಯಾಶ್ ಇದೆ. ಡೈವರುಗಳು ಅದನ್ನು ಸ್ಟ್ರೋಬ್ ಎನ್ನುತ್ತಾರೆ. ಅದರ ಬೆಳಕೂ ನೀರಿನ ನಿಯಮಕ್ಕೆ ಒಳಪಟ್ಟದ್ದೇ. ಮೀನಿನವರೆಗೆ ಹೋಗಿ, ಅಲ್ಲಿಂದ ಲೆನ್ಸಿಗೆ ಮರಳಬೇಕು. ಮೀನು 2 ಮೀಟರ್ ದೂರವಿದ್ದರೆ ದಾರಿ 4 ಮೀಟರ್ ಆಯಿತು. ಅಷ್ಟರಲ್ಲಿ ಒಯ್ದ ಕೆಂಪು ಮತ್ತೆ ಖಾಲಿ.

ಹೊಸಬಳು: ಸ್ಟ್ರೋಬ್ ಬಳಸಿದ ಚಿತ್ರದಲ್ಲಿ ಹಿಮ ಸುರಿದಂತೆ ಬಿಳಿ ಚುಕ್ಕೆಗಳು ಬರುತ್ತವೆ.

ಹಿರಿಯರು: ಆಗುಂಬೆ ಘಾಟಿಯ ಮಂಜಿನಲ್ಲಿ ಕಾರಿನ ಹೈಬೀಮ್ ಹಾಕಿದರೆ ರಸ್ತೆಯ ಬದಲು ಮಂಜೇ ಬೆಳಗುತ್ತದಲ್ಲ, ಅದೇ ಇಲ್ಲೂ ಆಗುವುದು. ಲೆನ್ಸಿನ ಮುಂದಿನ ನೀರಿನಲ್ಲಿ ಮರಳಿನ ಧೂಳು, ಪ್ಲ್ಯಾಂಕ್ಟನ್ ತೇಲುತ್ತಿರುತ್ತವೆ. ಕ್ಯಾಮೆರಾದ ಮೈಯಲ್ಲೇ ಇರುವ ಫ್ಲ್ಯಾಶ್ ಆ ಕಣಗಳನ್ನು ನೇರವಾಗಿ ಬೆಳಗುತ್ತದೆ, ಅವು ಬೆಳಕನ್ನು ಲೆನ್ಸಿಗೇ ವಾಪಸ್ ಕಳಿಸುತ್ತವೆ. ಅದಕ್ಕೇ ಸ್ಟ್ರೋಬನ್ನು ಉದ್ದ ತೋಳಿನ ತುದಿಗೆ ಸಿಕ್ಕಿಸಿ, ಲೆನ್ಸಿನಿಂದ ಪಕ್ಕಕ್ಕೂ ತುಸು ಹಿಂದಕ್ಕೂ ಸರಿಸಬೇಕು. ಮುಖ ನೇರ ಮುಂದಕ್ಕೆ, ಅಥವಾ ಒಂದಿಷ್ಟು ಹೊರಕ್ಕೆ. ಬೆಳಕಿನ ಶಂಕುವಿನ ಅಂಚು ಮಾತ್ರ ಮೀನನ್ನು ಸವರಬೇಕು, ಲೆನ್ಸಿಗೂ ಮೀನಿಗೂ ನಡುವಿನ ನೀರು ಕತ್ತಲಲ್ಲೇ ಉಳಿಯಬೇಕು.

ಕರ್ನಾಟಕದವರಿಗೆ ಈ ಪಾಠ ಹೆಚ್ಚು ಅಗತ್ಯ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪ ದಡದಿಂದ ಸುಮಾರು 19 ಕಿಲೋಮೀಟರ್. ಮಳೆಗಾಲ ಪೂರ್ತಿ ಡೈವಿಂಗ್ ಬಂದ್, ಅಕ್ಟೋಬರ್ ಹೊತ್ತಿಗೆ ಶುರುವಾಗಿ ಮೇ ತನಕ ನಡೆಯುತ್ತದೆ. ಅಲ್ಲಿನ ಬಂಡೆಗಳ ಸುತ್ತ ಚಿಟ್ಟೆಮೀನು, ಗಿಳಿಮೀನು, ಗ್ರೂಪರ್, ಬರಾಕುಡ, ಮೊರೆ ಹಾವುಮೀನು ಎಲ್ಲ ಇವೆ. ನೀರಿನ ತಿಳಿ ಮಾತ್ರ ದಿನದಿಂದ ದಿನಕ್ಕೆ ಬದಲಾಗುತ್ತದೆ. ಲಕ್ಷದ್ವೀಪದ ತಿಳಿನೀರಿನಲ್ಲಿ ಸ್ಟ್ರೋಬನ್ನು ಹೇಗೆ ಹಿಡಿದರೂ ನಡೆದೀತು. ನೇತ್ರಾಣಿಯಲ್ಲಿ ನೀರು ಕದಡಿದ ದಿನ ದೊಡ್ಡ ದೃಶ್ಯದ ಆಸೆ ಬಿಟ್ಟು, ಬಂಡೆಯ ಸಂದಿನಲ್ಲಿರುವ ಬೆರಳುದ್ದದ ಜೀವಿಗಳ ಕಡೆಗೆ ತಿರುಗುವುದೇ ಜಾಣತನ.

ಹೊಸಬಳು: ಸ್ಟ್ರೋಬ್ ಕೊಳ್ಳುವಷ್ಟು ಹಣವಿಲ್ಲದವರು? ಆ್ಯಕ್ಷನ್ ಕ್ಯಾಮೆರಾಕ್ಕೆ ಕೆಂಪು ಫಿಲ್ಟರ್ ಹಾಕಿದರೆ ಸಾಲದೇ?

ಹಿರಿಯರು: ಅದಕ್ಕೊಂದು ಮಿತಿ ಇದೆ. ಫಿಲ್ಟರ್ ಕೆಂಪನ್ನು ಸೇರಿಸುವುದಿಲ್ಲ, ನೀಲಿ ಹಸಿರನ್ನು ತಡೆಯುತ್ತದೆ ಅಷ್ಟೆ. ಅಳಿದುಳಿದ ಕೆಂಪು ಎದ್ದು ಕಾಣುತ್ತದೆ. ಬಿಸಿಲು ಚೆನ್ನಾಗಿದ್ದು, ಬೆನ್ನ ಹಿಂದಿನಿಂದ ಬೀಳುತ್ತಿದ್ದರೆ 10-15 ಮೀಟರ್ ತನಕ ಅದು ಉಪಯೋಗಕ್ಕೆ ಬರುತ್ತದೆ. ಕೆಂಪೇ ಇಲ್ಲದ ಆಳದಲ್ಲಿ ಫಿಲ್ಟರ್ ಹಾಕಿದರೆ ಬೆಳಕು ಕಡಿಮೆಯಾಗುವುದಷ್ಟೇ ಫಲ. ಸ್ಟ್ರೋಬ್ ಜೊತೆ ಫಿಲ್ಟರ್ ಬೇಡವೇ ಬೇಡ. ಯಾವ ಕ್ಯಾಮೆರಾ ಆದರೂ ರಾ ಫೈಲಿನಲ್ಲಿ ಚಿತ್ರ ಉಳಿಸುವ ಸೌಲಭ್ಯ ಇದ್ದರೆ ಅದನ್ನೇ ಬಳಸಬೇಕು. ಬಿಳಿ ಸಮತೋಲವನ್ನು ಆಮೇಲೆ ಕಂಪ್ಯೂಟರಿನಲ್ಲಿ ತಿದ್ದಲು ಅದರಲ್ಲಿ ಜಾಗ ಇರುತ್ತದೆ.

ಹೊಸಬಳು: ಕ್ಯಾಮೆರಾವನ್ನು ನೀರಿಗಿಳಿಸುವುದೇ ಭಯ.

ಹಿರಿಯರು: ಹಿಂದೆ ನೀರಿಗೆಂದೇ ಮಾಡಿದ ಕ್ಯಾಮೆರಾಗಳಿದ್ದವು. ಕಡಲ ಶೋಧಕ ಜಾಕ್ ಕುಸ್ತೋ ಜೊತೆಗಿದ್ದ ಬೆಲ್ಜಿಯಂನ ಜಾನ್ ದ ವೌಟರ್ಸ್ ರೂಪಿಸಿದ ಕ್ಯಾಲಿಪ್ಸೊ ಕ್ಯಾಮೆರಾವನ್ನು ನಿಕಾನ್ ಕಂಪನಿ ತೆಗೆದುಕೊಂಡು 1963ರಲ್ಲಿ ನಿಕೊನೊಸ್ ಹೆಸರಿನಲ್ಲಿ ಹೊರತಂದಿತು. ಮುಂದೆ ಹಲವು ದಶಕ ಡೈವರುಗಳ ಕೈಯಲ್ಲಿದ್ದದ್ದು ಅದೇ. ಈಗ ಸಾಮಾನ್ಯ ಕ್ಯಾಮೆರಾವನ್ನೇ ಪಾಲಿಕಾರ್ಬೊನೇಟ್ ಅಥವಾ ಅಲ್ಯೂಮಿನಿಯಂ ಹೌಸಿಂಗ್ ಒಳಗಿಟ್ಟು ಒಯ್ಯುವುದು ರೂಢಿ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಆ ಒತ್ತಡವನ್ನು ತಡೆಯುವುದು ಹೌಸಿಂಗಿನ ಬಾಗಿಲ ಸುತ್ತ ಇರುವ ರಬ್ಬರಿನ ಓ-ರಿಂಗ್. ಅದರ ಮೇಲೆ ಒಂದು ತಲೆಕೂದಲು ಅಥವಾ ಮರಳ ಕಾಳು ಕುಳಿತಿದ್ದರೂ ನೀರು ನುಗ್ಗುತ್ತದೆ. ಹಾಗಾಗಿ ಓಲಾಡುವ ದೋಣಿಯ ಮೇಲೆ, ಒದ್ದೆ ಕೈಯಲ್ಲಿ ಹೌಸಿಂಗ್ ಮುಚ್ಚಬಾರದು. ಹಿಂದಿನ ರಾತ್ರಿಯೇ ಕೋಣೆಯಲ್ಲಿ ಕೂತು, ಓ-ರಿಂಗ್ ಒರೆಸಿ, ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿ ಮುಚ್ಚಬೇಕು. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಗಾಜಿಗೆ ಹಬೆ ಕಟ್ಟುವುದಿಲ್ಲ. ಮೇಲೆ ಬಂದ ತಕ್ಷಣ ಸಿಹಿನೀರಿನಲ್ಲಿ ನೆನೆಸಿಡಬೇಕು. ಉಪ್ಪು ಒಣಗಿ ಹರಳಾದರೆ ಗುಂಡಿಗಳೆಲ್ಲ ಕಚ್ಚಿಕೊಳ್ಳುತ್ತವೆ. ಮೊದಲ ಸಲ ಕ್ಯಾಮೆರಾ ಇಲ್ಲದ ಖಾಲಿ ಹೌಸಿಂಗನ್ನು ನೀರಿಗಿಳಿಸಿ ನೋಡುವುದು ಒಳ್ಳೆಯದು.

ಹೊಸಬಳು: ಲೆನ್ಸ್?

ಹಿರಿಯರು: ಎರಡೇ ಬಗೆ ನೆನಪಿಟ್ಟರೆ ಸಾಕು. ದಿಬ್ಬದ ವಿಸ್ತಾರ, ಆಮೆ, ದೊಡ್ಡ ಮೀನುಗಳ ಗುಂಪು ಬೇಕಾದರೆ ಅತಿ ವಿಶಾಲ ಕೋನದ ಲೆನ್ಸ್. ಒಂದೇ ಮೀನು, ಸಿಗಡಿ, ಕಡಲ ಬಸವನಹುಳು ಬೇಕಾದರೆ 60 ಅಥವಾ 100 ಮಿಲಿಮೀಟರಿನ ಮ್ಯಾಕ್ರೊ. ನೆಲದ ಮೇಲೆ ಹಕ್ಕಿ ತೆಗೆಯುವ ಉದ್ದನೆಯ ಟೆಲಿ ಲೆನ್ಸಿಗೆ ಇಲ್ಲಿ ಕೆಲಸವಿಲ್ಲ, ಏಕೆಂದರೆ ಅದು ನಡುವಿನ ನೀರನ್ನೂ ಚಿತ್ರಕ್ಕೆ ಎಳೆದು ತರುತ್ತದೆ. ವಿಶಾಲ ಕೋನಕ್ಕೆ ಗುಮ್ಮಟದಂಥ ಗಾಜಿನ ಪೋರ್ಟ್ ಬೇಕು. ಚಪ್ಪಟೆ ಗಾಜು ಹಾಕಿದರೆ ವಕ್ರೀಭವನದಿಂದ ನೋಟದ ಕೋನ ಕಿರಿದಾಗುತ್ತದೆ. ಮ್ಯಾಕ್ರೊಗೆ ಚಪ್ಪಟೆ ಗಾಜೇ ಅನುಕೂಲ, ಚಿತ್ರ ಒಂದಿಷ್ಟು ದೊಡ್ಡದಾಗಿಯೇ ಸಿಗುತ್ತದೆ.

ಹೊಸಬಳು: ಹಿನ್ನೆಲೆ ಒಮ್ಮೆ ಕಪ್ಪು, ಒಮ್ಮೆ ಚೆಂದದ ನೀಲಿ ಬರುವುದು ಯಾವ ಲೆಕ್ಕದಲ್ಲಿ?

ಹಿರಿಯರು: ಚಿತ್ರದಲ್ಲಿ ಎರಡು ಬೆಳಕುಗಳಿವೆ ಎಂದು ತಿಳಿದುಕೊಂಡರೆ ಈ ಲೆಕ್ಕ ಸುಲಭ. ಮೀನಿನ ಮೇಲೆ ಬೀಳುವುದು ಸ್ಟ್ರೋಬಿನ ಬೆಳಕು. ಅದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು ಬಂದು ಹೋಗುವುದರಿಂದ ಷಟರ್ ವೇಗ ಅದನ್ನು ಬದಲಿಸುವುದಿಲ್ಲ. ಹಿಂದಿನ ನೀರನ್ನು ಬೆಳಗುವುದು ಬಿಸಿಲು, ಅದರ ಮೇಲೆ ಷಟರ್ ವೇಗದ ಹಿಡಿತ ಇದೆ. 1/200 ಸೆಕೆಂಡಿನಲ್ಲಿ ನೀರು ಗಾಢವಾಗುತ್ತದೆ, 1/60ರಲ್ಲಿ ತಿಳಿಯಾಗುತ್ತದೆ. ಮ್ಯಾಕ್ರೊದಲ್ಲಿ ಎಫ್ 16ರಂಥ ಸಣ್ಣ ರಂಧ್ರ ಇಟ್ಟರೆ ಬಿಸಿಲು ದಾಖಲಾಗದೆ ಹಿನ್ನೆಲೆ ಕಪ್ಪಾಗುತ್ತದೆ. ವಿಶಾಲ ಕೋನಕ್ಕೆ ಎಫ್ 8, 1/125, ಐಎಸ್ಒ 200 ಎಂದು ಶುರು ಮಾಡಿ ಅಲ್ಲಿಂದ ತಿದ್ದುತ್ತ ಹೋಗಬಹುದು. ಬಂಗುಡೆ, ಬರಾಕುಡದಂಥ ಬೆಳ್ಳಿ ಮೈಯ ಮೀನುಗಳು ಕನ್ನಡಿಯಂತೆ ಬೆಳಕನ್ನು ಹಿಂದಕ್ಕೆ ಹೊಡೆಯುತ್ತವೆ. ಅವುಗಳಿಗೆ ಸ್ಟ್ರೋಬಿನ ಶಕ್ತಿ ಇಳಿಸಲೇಬೇಕು. ಇಷ್ಟು ಸಾಕು, ಉಳಿದದ್ದು ಕೈಗೆ ತಾನೇ ಬರುತ್ತದೆ.

ಹೊಸಬಳು: ಇಷ್ಟೆಲ್ಲ ಸಿದ್ಧ ಮಾಡಿಕೊಂಡು ಹೋದರೆ ಮೀನು ಬೆನ್ನು ತಿರುಗಿಸಿ ಓಡುತ್ತದೆ. ಎಷ್ಟೋ ಚಿತ್ರಗಳಲ್ಲಿ ಬಾಲವೇ.

ಹಿರಿಯರು: ಅದು ಬೆನ್ನಟ್ಟಿದ ಚಿತ್ರ. ಮೀನಿನ ಪಕ್ಕೆಯ ಉದ್ದಕ್ಕೂ ಪಾರ್ಶ್ವರೇಖೆ ಎಂಬ ಅಂಗವಿದೆ. ನೀರಿನ ಅಲುಗಾಟವನ್ನು, ಒತ್ತಡದ ಸಣ್ಣ ಬದಲಾವಣೆಯನ್ನೂ ಅದು ಗ್ರಹಿಸುತ್ತದೆ. ಕಾಲು ಬಡಿಯುತ್ತ, ಗುಳ್ಳೆ ಬಿಡುತ್ತ, ನೇರ ಎದುರಿಗೆ ಬರುವ ದೊಡ್ಡ ಪ್ರಾಣಿಯನ್ನು ಮೀನು ಬೇಟೆಗಾರ ಎಂದೇ ತಿಳಿಯುತ್ತದೆ. ಮೇಲಿನಿಂದ ಎರಗುವಂತೆ ಇಳಿದರಂತೂ ಕೇಳುವುದೇ ಬೇಡ. ಮೀನಿನ ಮಟ್ಟಕ್ಕೆ ಇಳಿದು, ಅದನ್ನೇ ದಿಟ್ಟಿಸದೆ, ಓರೆಯಾಗಿ, ಬೇರೆಲ್ಲೋ ಹೊರಟವರಂತೆ ಸಾಗಬೇಕು. ಆಮೇಲೆ ನಿಲ್ಲಬೇಕು. 8 ಮೀಟರ್‌ನಿಂದ 1 ಮೀಟರ್‌ಗೆ ಬರುವುದು ಡೈವರ್ ಕೈಯಲ್ಲಿದೆ. ಕೊನೆಯ ಒಂದು ಮೊಳವನ್ನು ಮೀನೇ ಕಡಿಮೆ ಮಾಡಬೇಕು. ಅದಕ್ಕೆ ಕುತೂಹಲ ಹುಟ್ಟುವ ತನಕ ಕಾಯುವುದೊಂದೇ ದಾರಿ, ಅವಸರದಿಂದ ಅದು ಸಿಗುವುದಿಲ್ಲ.

ಹೊಸಬಳು: ಕಾಯುವುದಕ್ಕೆ ಒಂದು ಜಾಗ ಗೊತ್ತಿರಬೇಕಲ್ಲ?

ಹಿರಿಯರು: ಮೀನಿನ ದಿನಚರಿ ತಿಳಿದವರಿಗೆ ಜಾಗ ತಾನೇ ಸಿಗುತ್ತದೆ. ದಿಬ್ಬಗಳಲ್ಲಿ ಕ್ಷೌರದಂಗಡಿಗಳಂಥ ಠಾವುಗಳಿವೆ. ನೀಲಿ ಮೈಗೆ ಕಪ್ಪು ಪಟ್ಟೆಯ, ಬೆರಳುದ್ದದ ಕ್ಲೀನರ್ ರಾಸ್ ಮೀನು ಅಲ್ಲಿ ಕಾದಿರುತ್ತದೆ. ದೊಡ್ಡ ಗ್ರೂಪರುಗಳು ಬಂದು ಬಾಯಿ, ಕಿವಿರು ಅಗಲಿಸಿ ನಿಲ್ಲುತ್ತವೆ, ರಾಸ್ ಒಳಗೆ ಹೊಕ್ಕು ಪರಾವಲಂಬಿಗಳನ್ನು ಹೆಕ್ಕಿ ತಿನ್ನುತ್ತದೆ. ಬೇರೆಡೆ ಅಂಜುವ ಮೀನು ಅಲ್ಲಿ ನಿಶ್ಚಲ. ಅದೇ ವೇಷ ಹಾಕಿ ಬಂದು ಗಿರಾಕಿಯ ರೆಕ್ಕೆಯ ಚೂರನ್ನೇ ಕಚ್ಚಿಕೊಂಡು ಓಡುವ ಬ್ಲೆನ್ನಿ ಮೀನೂ ಒಂದಿದೆ. ಎರಡನ್ನೂ ಒಂದೇ ದಿಬ್ಬದಲ್ಲಿ ಗುರುತಿಸಿ ತೆಗೆದವರ ತಾಳ್ಮೆಯನ್ನು ಮೆಚ್ಚಲೇಬೇಕು.

ಅನಿಮೋನ್ ಎಂಬ ಹೂವಿನಂಥ ಕಡಲಜೀವಿಯ ನಡುವೆ ಬಾಳುವ ಕ್ಲೌನ್ ಮೀನು ಮನೆ ಬಿಟ್ಟು ದೂರ ಹೋಗುವುದಿಲ್ಲ. ಹೊರಗೆ ಬಂದು, ಸುತ್ತಿ, ಮತ್ತೆ ಅದೇ ಎಸಳಿನ ನಡುವೆ ಇಳಿಯುತ್ತದೆ. ಒಂದೆರಡು ಸುತ್ತು ನೋಡಿದರೆ ಮುಂದಿನ ಸಲ ಎಲ್ಲಿ ಮುಖ ತೋರುತ್ತದೆ ಎಂದು ತಿಳಿಯುತ್ತದೆ. ಒಂದು ಅನಿಮೋನ್‌ನಲ್ಲಿರುವ ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು. ಅದು ಸತ್ತರೆ ಅದರ ಜೊತೆಗಾರ ಗಂಡೇ ಹೆಣ್ಣಾಗಿ ಬದಲಾಗುತ್ತದೆ. ಮರಳಿನ ಮೇಲೆ ಗೋಬಿ ಮೀನು ಮತ್ತು ಪಿಸ್ತೂಲ್ ಸಿಗಡಿಯ ಜೋಡಿ ಇನ್ನೂ ಸ್ವಾರಸ್ಯದ್ದು. ಕಣ್ಣು ಮಂದವಾದ ಸಿಗಡಿ ಬಿಲ ತೋಡುತ್ತದೆ, ಗೋಬಿ ಬಾಗಿಲಲ್ಲಿ ಕಾವಲು ನಿಲ್ಲುತ್ತದೆ. ಸಿಗಡಿಯ ಮೀಸೆ ಸದಾ ಗೋಬಿಯ ಮೈ ಸೋಕಿರುತ್ತದೆ. ಗೋಬಿ ಬಾಲ ಅದುರಿಸಿದರೆ ಅದು ಎಚ್ಚರಿಕೆ, ಡೈವರ್ ಅಲ್ಲೇ ನಿಲ್ಲಬೇಕು. ಇನ್ನೊಂದು ಮೊಳ ಮುಂದೆ ಸರಿದರೆ ಎರಡೂ ಬಿಲದೊಳಗೆ. ಕಾರ್ಡಿನಲ್ ಮೀನುಗಳಲ್ಲಿ ತಂದೆ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟು ಕಾಯುತ್ತದೆ. ಗಲ್ಲ ಉಬ್ಬಿದ ಮೀನನ್ನು ಕಂಡರೆ ಅದರ ಎದುರು ಸುಮ್ಮನೆ ಇರಬೇಕು. ಮೊಟ್ಟೆಗೆ ಹೊಸ ನೀರು ಕೊಡಲು ಅದು ಆಗಾಗ ಬಾಯಿ ತೆರೆಯುತ್ತದೆ, ಆಗ ಒಳಗಿನ ಮೊಟ್ಟೆಗಳು ಕಾಣುತ್ತವೆ.

ಹೊಸಬಳು: ಮೊರೆ ಹಾವುಮೀನೂ ಬಾಯಿ ತೆರೆದು ಹೆದರಿಸುತ್ತದೆ.

ಹಿರಿಯರು: ಅದು ಉಸಿರಾಟ. ಬಾಯಿ ತೆರೆದು ಮುಚ್ಚಿ ಕಿವಿರಿಗೆ ನೀರು ಹಾಯಿಸುತ್ತದೆ. ಹಾಗೆಂದು ಅದರ ಬಿಲಕ್ಕೆ ಕೈ ಹಾಕಬಾರದು. ನಿಜವಾಗಿ ಎಚ್ಚರ ಬೇಕಾದದ್ದು ಬಂಡೆಯ ಬಣ್ಣಕ್ಕೇ ಬಣ್ಣ ಬೆರೆಸಿ ಕೂರುವ ಸ್ಕಾರ್ಪಿಯನ್ ಮೀನು, ಕಲ್ಲುಮೀನು, ರೆಕ್ಕೆ ಹರಡಿದ ಸಿಂಹಮೀನುಗಳ ಬಗ್ಗೆ. ಬೆನ್ನಿನ ಮುಳ್ಳುಗಳಲ್ಲಿ ವಿಷವಿದೆ. ಚಿತ್ರಕ್ಕಾಗಿ ಬಂಡೆ ಹಿಡಿದು ನಿಲ್ಲುವವರಿಗೇ ಅವು ಹೆಚ್ಚು ಚುಚ್ಚುವುದು. ಗೂಡು ಕಾಯುವ ಟೈಟನ್ ಟ್ರಿಗರ್ ಮೀನು ಅಟ್ಟಿಸಿಕೊಂಡು ಬಂದರೆ ಮೇಲಕ್ಕೆ ಹೋಗಬಾರದು, ಅದರ ಸರಹದ್ದು ಮೇಲೆ ಹೋದಂತೆ ಅಗಲವಾಗುತ್ತದೆ. ಅಡ್ಡಡ್ಡ ಈಜಿ ದೂರ ಸರಿಯಬೇಕು.

ಹೊಸಬಳು: ಚಿತ್ರದ ಚೌಕಟ್ಟಿನ ಬಗ್ಗೆ ಏನಾದರೂ ನಿಯಮ?

ಹಿರಿಯರು: ಕಣ್ಣು ಸ್ಪಷ್ಟವಾಗಿರಬೇಕು. ಕ್ಯಾಮೆರಾ ಮೀನಿನ ಕಣ್ಣಿನ ಮಟ್ಟದಲ್ಲಿ, ಸಾಧ್ಯವಾದರೆ ಇನ್ನೂ ಕೆಳಗೆ ಇರಬೇಕು. ಮೇಲಿನಿಂದ ತೆಗೆದರೆ ಮೀನು ಬಂಡೆಯಲ್ಲಿ ಕರಗಿಹೋಗುತ್ತದೆ; ಬದುಕಲು ಅದು ಕಲಿತ ವಿದ್ಯೆಯೇ ಅದು. ಕೆಳಗಿನಿಂದ ತೆಗೆದರೆ ಹಿನ್ನೆಲೆಗೆ ನೀಲಿ ನೀರು ಸಿಗುತ್ತದೆ. ಚಿಟ್ಟೆಮೀನಿನ ವಿಷಯದಲ್ಲಿ ಒಂದು ತೊಡಕಿದೆ. ಎಷ್ಟೋ ಜಾತಿಗಳಲ್ಲಿ ನಿಜವಾದ ಕಣ್ಣನ್ನು ಕಪ್ಪು ಪಟ್ಟೆ ಮರೆಮಾಡಿರುತ್ತದೆ, ಬಾಲದ ಬಳಿ ಸುಳ್ಳು ಕಣ್ಣೊಂದು ಇರುತ್ತದೆ. ಬೇಟೆಗಾರ ಮೀನಿನಂತೆ ಕ್ಯಾಮೆರಾದ ಆಟೋಫೋಕಸ್ಸೂ ಆ ಚುಕ್ಕೆಗೆ ಹೋಗಿ ಅಂಟಿಕೊಳ್ಳಬಹುದು.

ಹೊಸಬಳು: ಅಲುಗದೆ ನಿಲ್ಲಲು ಉಸಿರು ಬಿಗಿಹಿಡಿಯುವವರಿದ್ದಾರೆ.

ಹಿರಿಯರು: ಸ್ಕೂಬಾದಲ್ಲಿ ಅದಕ್ಕಿಂತ ಅಪಾಯದ ಅಭ್ಯಾಸ ಇನ್ನೊಂದಿಲ್ಲ. 10 ಮೀಟರ್ ಆಳದಲ್ಲಿ ಶ್ವಾಸಕೋಶದಲ್ಲಿ ತುಂಬಿದ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಚಿತ್ರದ ಗುಂಗಿನಲ್ಲಿ ಅರಿವಿಲ್ಲದೆ ಕೆಲವು ಮೀಟರ್ ಮೇಲೇರಿದರೂ ಶ್ವಾಸಕೋಶ ಹರಿಯಬಹುದು. ನಿಧಾನವಾಗಿ, ನಿಲ್ಲಿಸದೆ ಉಸಿರಾಡುತ್ತಲೇ ನೀರಿನ ನಡುವೆ ಏರದೆ ಇಳಿಯದೆ ನಿಲ್ಲುವ ಹಿಡಿತ ಮೊದಲು ಬರಬೇಕು. ಡೈವರುಗಳು ಬಾಯನ್ಸಿ ಎನ್ನುವುದು ಇದನ್ನೇ. ಅದು ಬರುವ ತನಕ ಕ್ಯಾಮೆರಾ ದೋಣಿಯಲ್ಲೇ ಇರಲಿ. ಕೈಗೆ ಕ್ಯಾಮೆರಾ ಬಂದ ಕೂಡಲೇ ಗಾಳಿಯ ಮಾಪಕ, ಆಳದ ಮಾಪಕ, ಜೊತೆಗಾರ ಮೂರೂ ಮರೆತುಹೋಗುತ್ತವೆ. ಸಿಲಿಂಡರಿನಲ್ಲಿ 50 ಬಾರ್ ಉಳಿದಿರುವಾಗಲೇ ಮೇಲೆ ಬಂದಿರಬೇಕು ಎಂಬ ನಿಯಮ ಯಾವ ಅಪರೂಪದ ಮೀನಿಗಾಗಿಯೂ ಸಡಿಲವಾಗಬಾರದು.

ಹಿಡಿತವಿಲ್ಲದ ಡೈವರ್ ತನಗಷ್ಟೇ ಅಪಾಯವಲ್ಲ. ಗುಂಡುಕಲ್ಲಿನಂಥ ಹವಳಗಳು ವರ್ಷಕ್ಕೆ 1 ಸೆಂಟಿಮೀಟರಿನ ಆಸುಪಾಸಿನಲ್ಲಿ ಬೆಳೆಯುತ್ತವೆ. ಕಾಲಿನ ಫಿನ್ ಒಮ್ಮೆ ತಾಗಿದರೆ ದಶಕಗಳ ಬೆಳವಣಿಗೆ ಮುರಿದು ಬೀಳುತ್ತದೆ. ಭಾರತದಲ್ಲಿ ದಿಬ್ಬ ಕಟ್ಟುವ ಹವಳಗಳನ್ನೂ ಕಡಲಕುದುರೆಗಳನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ ಸೇರಿಸಲಾಯಿತು. ಕಾಯ್ದೆಯ ಕಣ್ಣಿನಲ್ಲಿ ಅವಕ್ಕೆ ಹುಲಿಯಷ್ಟೇ ರಕ್ಷಣೆ.

ಹೊಸಬಳು: ಫ್ಲ್ಯಾಶ್ ಬೆಳಕಿನಿಂದ ಮೀನಿನ ಕಣ್ಣು ಹಾಳಾಗುವುದಿಲ್ಲವೇ?

ಹಿರಿಯರು: 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕಡಲಕುದುರೆ ಮತ್ತು ತಳದಲ್ಲಿ ಬದುಕುವ ಇತರ ಮೀನುಗಳ ಮೇಲೆ ಇದನ್ನೇ ಪರೀಕ್ಷಿಸಿತು. ಫ್ಲ್ಯಾಶಿನಿಂದ ಕಣ್ಣಿಗೆ ಹಾನಿ ಕಂಡುಬರಲಿಲ್ಲ. ಆದರೆ ಕೈಯಿಂದ ಮುಟ್ಟಿ ಸರಿಸಿದಾಗ ಅವು ತೀವ್ರವಾಗಿ ಕಳವಳಗೊಂಡವು. ಒಳ್ಳೆಯ ಭಂಗಿಗಾಗಿ ಕಡ್ಡಿಯಿಂದ ತಿವಿಯುವುದು, ಬುಗ್ಗೆಮೀನನ್ನು ಹಿಡಿದು ಉಬ್ಬಿಸುವುದು, ಕಡಲಕುದುರೆಯನ್ನು ತಿರುಗಿಸಿ ಕೂರಿಸುವುದು ಕ್ರೌರ್ಯವೇ. ಅಂಥ ಚಿತ್ರ ಎಷ್ಟು ಚೆನ್ನಾಗಿದ್ದರೂ ಅದಕ್ಕೆ ಬೆಲೆ ಕೊಡಬಾರದು. ಒಂದೇ ಜೀವಿಗೆ ಹತ್ತಾರು ಸಲ ಫ್ಲ್ಯಾಶ್ ಹೊಡೆಯುವುದೂ ಬೇಡ. ರಾತ್ರಿ ಕೆಲವು ಗಿಳಿಮೀನುಗಳು ತಮ್ಮ ಸುತ್ತ ಲೋಳೆಯ ಚೀಲ ಹೆಣೆದುಕೊಂಡು ಮಲಗುತ್ತವೆ. ಒಂದೆರಡು ಚಿತ್ರ ತೆಗೆದು ಟಾರ್ಚು ಬೇರೆ ಕಡೆ ತಿರುಗಿಸಬೇಕು. ಎಚ್ಚರಗೊಂಡು ಚೀಲ ಹರಿದು ಕತ್ತಲಿಗೆ ನುಗ್ಗಿದ ಮೀನಿಗೆ ಆ ರಾತ್ರಿ ಆಸರೆ ಇಲ್ಲ.

ಹೊಸಬಳು: ಇಷ್ಟು ಕಷ್ಟಪಟ್ಟು ತೆಗೆದ ಚಿತ್ರಗಳಿಂದ ನೋಡಿ ಸಂತೋಷಪಡುವುದರ ಆಚೆ ಪ್ರಯೋಜನ ಉಂಟೇ?

ಹಿರಿಯರು: ಬಹಳ ಇದೆ. ತಿಮಿಂಗಿಲ ಶಾರ್ಕ್‌ನ ಮೈಮೇಲಿನ ಬಿಳಿ ಚುಕ್ಕೆಗಳ ವಿನ್ಯಾಸ ಒಂದೊಂದಕ್ಕೂ ಬೇರೆ. ಕಿವಿರಿನ ಹಿಂದಿನ ಭಾಗದ ಚಿತ್ರ ಸಿಕ್ಕರೆ ಇದು ಹಿಂದೆ ಕಂಡ ಶಾರ್ಕೇ ಎಂದು ಗುರುತಿಸಬಹುದು. ಖಗೋಳವಿಜ್ಞಾನಿಗಳು ನಕ್ಷತ್ರಗಳ ಚಿತ್ರಗಳನ್ನು ಹೋಲಿಸಲು ಮಾಡಿಕೊಂಡಿದ್ದ ಗಣಿತವನ್ನೇ ಈ ಚುಕ್ಕೆಗಳಿಗೆ ಹೊಂದಿಸಿದ್ದಾರೆ, 2005ರಲ್ಲಿ ಆ ವಿಧಾನ ಪ್ರಕಟವಾಯಿತು. ಈ ದಾಖಲೆಗೆ ಪ್ರವಾಸಕ್ಕೆ ಬಂದ ಡೈವರುಗಳ ಚಿತ್ರಗಳೂ ಸಾಮಗ್ರಿ. ಮಾಂಟಾ ತೊರಕೆಗಳನ್ನು ಹೊಟ್ಟೆಯ ಮೇಲಿನ ಮಚ್ಚೆಗಳಿಂದ ಗುರುತಿಸುತ್ತಾರೆ. ಲಕ್ಷದ್ವೀಪದ ಹವಳಗಳು 1998, 2010, 2016ರ ಬಿಸಿ ನೀರಿಗೆ ಬಿಳಿಚಿಕೊಂಡವು. ಒಂದೇ ಬಂಡೆಯ ಹಿಂದಿನ ಮತ್ತು ಇಂದಿನ ಚಿತ್ರ ಇದ್ದರೆ ಯಾವ ಹವಳ ಸತ್ತಿತು, ಯಾವುದು ಚೇತರಿಸಿಕೊಂಡಿತು ಎಂದು ಹೇಳಬಹುದು. ಇಂಥ ಕೆಲಸಕ್ಕೆ ಬಹುಮಾನದ ಚಿತ್ರ ಬೇಕಿಲ್ಲ. ಮೀನಿನ ಪೂರ್ತಿ ಪಕ್ಕೆ, ಬಿಚ್ಚಿದ ರೆಕ್ಕೆಗಳು, ಬಾಲ ಸ್ಪಷ್ಟವಾಗಿ ಕಂಡರೆ ಜಾತಿ ಗುರುತಿಸಲು ಸಾಕು.

ಹೊಸಬಳು: ಚಿತ್ರದ ಜೊತೆ ಏನೇನು ಬರೆದಿಡಬೇಕು?

ಹಿರಿಯರು: ಸ್ಥಳ, ದಿನಾಂಕ, ಆಳ, ಮೀನು ಇದ್ದದ್ದು ಬಂಡೆಯ ಮೇಲೋ ಮರಳಿನಲ್ಲೋ ಎಂಬುದು. ನೀರಿಗಿಳಿಯುವ ಮೊದಲು ಕ್ಯಾಮೆರಾದ ಗಡಿಯಾರವನ್ನು ಡೈವ್ ಕಂಪ್ಯೂಟರಿನ ಗಡಿಯಾರಕ್ಕೆ ಹೊಂದಿಸಿಟ್ಟರೆ ಆಳವನ್ನು ಆಮೇಲೆ ನೋಡಿ ತುಂಬಬಹುದು. ನೇತ್ರಾಣಿಗೆ ಪ್ರತಿ ಹಂಗಾಮಿನಲ್ಲಿ ಕ್ಯಾಮೆರಾ ಹಿಡಿದು ಇಳಿಯುವವರು ಇಷ್ಟನ್ನು ತಪ್ಪದೆ ಬರೆದು, ಐನ್ಯಾಚುರಲಿಸ್ಟ್‌ನಂಥ ಸಾರ್ವಜನಿಕ ದಾಖಲೆಗೆ ಸೇರಿಸಲಿ. ದಿನಾಂಕವೂ ಜಾಗವೂ ಇಲ್ಲದ ಚಿತ್ರ ಸಂಶೋಧಕರಿಗೆ ಉಪಯೋಗಕ್ಕೆ ಬರುವುದಿಲ್ಲ.